ಸಿಂಹಪುರದಲ್ಲಿ ನಾಲ್ಕು ಘಂಟೆ

ಪೂರ್ವಕಾಲದಲ್ಲಿ ಕಾಶೀಯಾತ್ರೆಗೆ ಹೊರಟವರು ದಾರಿಯ ಛತ್ರಗಳಲ್ಲಿ ತಂಗಿ, ಆಯಾ ಊರಿನ ಗುಡಿಯನ್ನೂ ಕೆರೆಯನ್ನೂ ಸಂತೆಯನ್ನೂ ನೋಡಿಕೊಂಡು ಮುಂದೆ ಸಾಗುತ್ತಿದ್ದರು. ಈಗಿನ ವಿಮಾನಯಾತ್ರಿಕರಿಗೆ ಆ ಭಾಗ್ಯವಿಲ್ಲವೆಂದು ಅನೇಕರ ಅಭಿಪ್ರಾಯ. ಒಂದು ವಿಮಾನದಿಂದಿಳಿದು ಮತ್ತೊಂದನ್ನೇರುವುದರೊಳಗೆ ಎಂಟು ಹತ್ತು ಘಂಟೆಗಳ ಬಿಡುವು ದೊರೆತರೂ, ಮಕ್ಕಳನ್ನು ನೋಡಲು ಹೊರಟ ನಮ್ಮ ಕಡೆಯ ವೃದ್ಧ ದಂಪತಿಗಳು, ಹೊರಗೆ ಕಾಲಿಟ್ಟರೆ ವಿಮಾನವು ತಪ್ಪೀತೆಂಬ ಭಯದಿಂದ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಲ್ಲಿಯೇ ಕಾಲಕಳೆಯುವುದನ್ನು ನಾವು ಕಂಡಿದ್ದೇವೆ. ಈ ಭಯವು ಅಕಾರಣವಾದುದಲ್ಲ. ಆದರೆ ಲೆಕ್ಕ ಬಲ್ಲವರನ್ನು ಅದು ಬಾಧಿಸಲಾರದು. ಆಸ್ಟ್ರೇಲಿಯಾದಲ್ಲಿರುವ ಮಗಳ ಮನೆಗೆ ಹೋಗುವಾಗ ನಾವು ಸಿಂಗಪುರದಲ್ಲಿ ಕಳೆದ ಬಿಡುವನ್ನೇ ದೃಷ್ಟಾಂತವಾಗಿಟ್ಟುಕೊಂಡು ಆ ಲೆಕ್ಕವನ್ನೂ, ಅದರಿಂದ ದೊರೆತ ಲಾಭವನ್ನೂ ವಾಚಕರಿಗೆ ಅರಿಕೆಮಾಡುತ್ತೇವೆ.

ಮೊದಲು ಲೆಕ್ಕ. ನಮ್ಮ ವಿಮಾನವು ಬೆಳಿಗ್ಗೆ 6 ಘಂಟೆಗೆ ಇಳಿಯಿತು. ಮುಂದಿನದು ಸಾಯಂಕಾಲ 4ಕ್ಕೆ. ಹತ್ತು ಘಂಟೆಯೆಂದು ಹಿಗ್ಗತಕ್ಕದ್ದಲ್ಲ. ತನಿಖೆಯನ್ನು ಮುಗಿಸಿ ಹೊರಬೀಳಲು ಒಂದು ಘಂಟೆ, ಊರಿಗೆ ಹೋಗಲು ಒಂದು, ಮರಳಲು ಒಂದು, ಹೊರಡುವುದಕ್ಕೆ ಮುಂಚೆ ನಿಲ್ದಾಣದಲ್ಲಿರಲು ಮೂರು. ಇವಿಷ್ಟನ್ನೂ ಕಳೆದರೆ ಉಳಿಯುವುದು ನಾಲ್ಕೇ ಘಂಟೆ. ಸಿಂಗಪುರದ ಗಡಿಯಾರವು ನಮ್ಮದಕ್ಕಿಂತ ಎರಡೂವರೆ ಘಂಟೆ ಮುಂದಿರುವುದರಿಂದ, ಇಳಿದೊಡನೆಯೇ ಕೈಗಡಿಯಾರವನ್ನು ತಿದ್ದಿಕೊಳ್ಳುವುದು ಕ್ಷೇಮ.

ಎರಡನೆಯದು ಅನುಮತಿ. ಭಾರತೀಯರಿಗೆ ಸಾಮಾನ್ಯವಾಗಿ ವೀಸಾ ಬೇಕು. ಆಸ್ಟ್ರೇಲಿಯಾ, ಅಮೆರಿಕಾ ಮುಂತಾದ ಕೆಲವು ದೇಶಗಳ ವೀಸಾ ಉಳ್ಳ ಮಾರ್ಗಸ್ಥ ಯಾತ್ರಿಕರಿಗೆ, ಕೆಲವು ನಿಬಂಧನೆಗಳಿಗೊಳಪಟ್ಟು, 96 ಘಂಟೆಗಳ ಪ್ರವೇಶವನ್ನು ಅನುಗ್ರಹಿಸುವ ಪದ್ಧತಿಯುಂಟು. ನಿಯಮಗಳು ಕಾಲಕಾಲಕ್ಕೆ ವ್ಯತ್ಯಾಸಹೊಂದುವುವಾದುದರಿಂದ ಮನೆಯಲ್ಲಿರುವಾಗಲೇ ವಿಚಾರಿಸಿಕೊಳ್ಳಬೇಕು. ಆಗಮನಪತ್ರವನ್ನು ಮೊದಲೇ ಅಂತರ್ಜಾಲದ ಮೂಲಕ ಸಲ್ಲಿಸಬೇಕು, ಅದಕ್ಕೆ ಶುಲ್ಕವಿಲ್ಲ. ಕೈಸಾಮಾನನ್ನು ಬಾಡಿಗೆ ಕೊಟ್ಟು ನಿಲ್ದಾಣದಲ್ಲಿಯೇ ಇಡಬಹುದು.

ಚಾಂಗಿ ವಿಮಾನನಿಲ್ದಾಣವು ದ್ವೀಪದ ಪೂರ್ವದ ಅಂಚಿನಲ್ಲಿದೆ. ಊರಿನ ಮಧ್ಯಕ್ಕೆ ಸುಮಾರು 20 ಕಿಲೋಮೀಟರು. ರೈಲು ನಿಲ್ದಾಣದೊಳಗೇ ಬರುತ್ತದೆ. ತಾನಾ ಮೇರಾ ಎಂಬಲ್ಲಿ ಗಾಡಿ ಬದಲಿಸಿ ಸಿಟಿ ಹಾಲ್ ಸ್ಟೇಷನ್ನಿನಲ್ಲಿ ಇಳಿದೆವು. ನಾಲ್ಕು ಘಂಟೆಯಲ್ಲಿ ನಾಲ್ಕು ದಿಕ್ಕಿಗೆ ಓಡುವವರು ಏನನ್ನೂ ಕಾಣರು. ಆದುದರಿಂದ ಅಲ್ಲಿಂದ ದಕ್ಷಿಣಕ್ಕೆ ಎರಡು ಮೂರು ಕಿಲೋಮೀಟರು ನಡೆಯುವ ಒಂದೇ ದಾರಿಯನ್ನು ನಾವು ಆರಿಸಿಕೊಂಡೆವು.

ಸ್ಟೇಷನ್ನಿನ ಪಕ್ಕದಲ್ಲಿಯೇ ಬೆಳ್ಳಗೆ ಹೊಳೆಯುವ ಸಂತ ಆಂಡ್ರೂವಿನ ಇಗರ್ಜಿಯಿದೆ. 1862ರಲ್ಲಿ ಪ್ರತಿಷ್ಠಿತವಾದ ಇದನ್ನು ಕಟ್ಟಿದವರು ಹಿಂದೂದೇಶದಿಂದ ಗಡೀಪಾರಾದ ಕೈದಿಗಳು. ಸುಣ್ಣಕ್ಕೆ ಮೊಟ್ಟೆಯ ಬಿಳಿಯನ್ನೂ ಸಕ್ಕರೆಯನ್ನೂ ತೆಂಗಿನ ನಾರು ನೆನೆಸಿದ ನೀರನ್ನೂ ಬೆರೆಸಿದ ಮದ್ರಾಸು ಗಾರೆಯಿಂದ ಅವರು ಗೋಡೆಗಳನ್ನು ನುಣುಪುಗೊಳಿಸಿದರು. 1825ರಿಂದ 1873ರ ವರೆಗೆ ಇಂತಹ ಕೈದಿಗಳು ಇಲ್ಲಿ ದುಡಿದರು. ನಮ್ಮಂತೆ ಮರಳುವ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಬಂದವರಲ್ಲ ಅವರು.

ಎದುರಿಗೆ ಪಡಾಂಗ್ ಎಂಬ ವಿಶಾಲವಾದ ಹಸುರು ಬಯಲು. 1943ರ ಜುಲೈ 5ರಂದು ಸುಭಾಷಚಂದ್ರ ಬೋಸರು ಆಜಾದ್ ಹಿಂದ್ ಸೇನೆಯ ವಂದನೆಯನ್ನು ಸ್ವೀಕರಿಸಿದ್ದು ಇಲ್ಲಿಯೇ. ಸಮೀಪದ ಸಮುದ್ರತೀರದ ಉದ್ಯಾನದಲ್ಲಿ ಆ ಸೇನೆಯ ಹುತಾತ್ಮರಿಗಾಗಿ 1945ರಲ್ಲಿ ಎತ್ತಿದ ಸ್ಮಾರಕವನ್ನು ಇಂಗ್ಲೀಷರು ಮರಳಿ ಬಂದೊಡನೆ ಕೆಡಹಿದರು. ಅದಿದ್ದ ಸ್ಥಳವನ್ನು ಸೂಚಿಸುವ ಗುರುತನ್ನು 1995ರಲ್ಲಿ ನಿಲ್ಲಿಸಿದ್ದಾರೆ. ಅಲ್ಲಿ ಕ್ಷಣಕಾಲ ಮೌನವಾಗಿ ನಿಂತೆವು.

ಮುಂದೆ ನದಿ. ಮಲಯ ದೇಶದ ಪುರಾತನ ಕಥೆಯಂತೆ, ಪಾಲೆಂಬಾಂಗಿನ ರಾಜಕುಮಾರನೊಬ್ಬನು ಈ ದ್ವೀಪದಲ್ಲಿ ಸಿಂಹದಂತಹ ಮೃಗವನ್ನು ಕಂಡು ಊರಿಗೆ ಸಿಂಹಪುರವೆಂದು ಹೆಸರಿಟ್ಟನು. ಸಿಂಹಗಳೇ ಇಲ್ಲದ ಕಾಡಿನಲ್ಲಿ ಸಂಸ್ಕೃತದ ಹೆಸರು ಬೇರೂರಿದುದು ನಮಗೆ ಕೌತುಕವನ್ನುಂಟುಮಾಡಿತು. ನದೀಮುಖದಲ್ಲಿದ್ದ ಪ್ರಾಚೀನ ಶಿಲಾಶಾಸನವೊಂದನ್ನು 1843ರಲ್ಲಿ ಸಿಡಿಮದ್ದಿನಿಂದ ಒಡೆದರು. ಉಳಿದ ತುಂಡು ಅಲ್ಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಅದರ ಬರಹವನ್ನು ವಿದ್ವಾಂಸರು ಇನ್ನೂ ಓದಲಾಗಿಲ್ಲ. ಹಾಯಿಹಡಗುಗಳ ಕಾಲದಲ್ಲಿ ನೈರುತ್ಯಮಾರುತದಿಂದ ನಮ್ಮ ದೇಶದವರೂ, ಈಶಾನ್ಯಮಾರುತದಿಂದ ಚೀನದವರೂ ಈ ಜಲಸಂಧಿಗಳ ಕಡೆಗೆ ಬಂದು, ಗಾಳಿ ತಿರುಗುವ ವರೆಗೆ ತಿಂಗಳುಗಟ್ಟಲೆ ಕಾದಿರುತ್ತಿದ್ದರು. ನಡುದಾರಿಯ ಬಿಡುವೆಂಬುದು ವಿಮಾನಗಳೊಡನೆ ಹುಟ್ಟಿದುದಲ್ಲ; ಈ ಸೀಮೆಯ ಬಂದರುಗಳು ಬೆಳೆದುದೇ ಅದರಿಂದ.

ಸೇತುವೆಯನ್ನು ದಾಟಿದರೆ ಸೌತ್ ಬ್ರಿಡ್ಜ್ ರಸ್ತೆ. ಈ ಒಂದೇ ಬೀದಿಯಲ್ಲಿ, ಚೋಳಮಂಡಲ ತೀರದಿಂದ ಬಂದ ಮುಸಲ್ಮಾನ ವರ್ತಕರ ಜಾಮೆ ಮಸೀದಿ, ಮಾರಿಯಮ್ಮನ ಗುಡಿ, ಚೀನೀಯರ ಬುದ್ಧದಂತ ದೇವಾಲಯ ಇವು ಸಾಲಾಗಿವೆ. 1819ರಲ್ಲಿ ಇಂಗ್ಲೀಷ್ ಅಧಿಕಾರಿ ರಾಫಲ್ಸನೊಡನೆ ಬಂದ ನಾರಾಯಣ ಪಿಳ್ಳೆಯೆಂಬವರು 1827ರಲ್ಲಿ ಸ್ಥಾಪಿಸಿದ ಈ ಮಾರಿಯಮ್ಮನ ಗುಡಿಯೇ ಸಿಂಗಪುರದ ಅತ್ಯಂತ ಹಳೆಯ ಹಿಂದೂ ದೇವಾಲಯ. ಮೊದಲು ಮರ ಗರಿಗಳ ಗುಡಿಸಲಾಗಿದ್ದುದು ಈಗ ಗೋಪುರಸಹಿತ ದೇಗುಲವಾಗಿದೆ. ಮಧ್ಯಾಹ್ನ ಬಾಗಿಲು ಮುಚ್ಚುವರಾದುದರಿಂದ ಬೆಳಿಗ್ಗೆಯೇ ಹೋಗತಕ್ಕದ್ದು.

ಕುಂಕುಮವನ್ನು ಕೊಟ್ಟ ವೃದ್ಧರೊಬ್ಬರು ನಮ್ಮ ಯೋಗಕ್ಷೇಮವನ್ನು ವಿಚಾರಿಸಿದರು. ಅವರ ಅಜ್ಜನು ತಂಜಾವೂರು ಸೀಮೆಯಿಂದ ನಾಲ್ಕು ವರ್ಷ ದುಡಿದು ಮರಳುವೆನೆಂದು ಬಂದವನಂತೆ. “ತಾವು ಊರಿಗೆ ಹೋಗುವುದುಂಟೆ?” ಎಂದು ನಮ್ಮ ಮನೆಯಾಕೆ ಕೇಳಿದಳು. ಅವರು ನಕ್ಕು, “ಇದೇ ನಮ್ಮ ಊರಮ್ಮಾ” ಎಂದರು. ಆಕೆ ಮಾತನಾಡಲಿಲ್ಲ. ನಮ್ಮ ಮಗಳೂ ಎರಡು ವರ್ಷಕ್ಕೆಂದು ಹೋದವಳು, ಈಗ ಹನ್ನೊಂದಾಯಿತು. ಅವಳು ಎಂದು ಮರಳುವಳೆಂದು ನೆಂಟರಿಷ್ಟರು ಕೇಳಿದಾಗಲೆಲ್ಲ ‘ಇನ್ನೆರಡು ವರ್ಷ’ವೆಂದು ನಾವು ಹೇಳುತ್ತ ಬಂದಿದ್ದೆವು.

ಚೈನಾಟೌನ್ ಸ್ಟೇಷನ್ನಿನಲ್ಲಿ ಗಾಡಿಯನ್ನೇರಿ, ಎಕ್ಸ್ಪೋ ಎಂಬಲ್ಲಿ ಬದಲಿಸಿ, ಮಧ್ಯಾಹ್ನ ಒಂದು ಘಂಟೆಗೆ ಚಾಂಗಿಯನ್ನು ಸೇರಿದೆವು. ಮುಂದಿನ ವಿಮಾನದಲ್ಲಿ ನಮ್ಮ ಮನೆಯಾಕೆಯು ಕುಂಕುಮದ ಪೊಟ್ಟಣವನ್ನು ತೆರೆದು ನೋಡಿ, “ಇದನ್ನು ಅವಳ ದೇವರಮನೆಯಲ್ಲಿಯೇ ಇಟ್ಟು ಬರೋಣ, ಹಿಂದಕ್ಕೆ ತರುವುದು ಬೇಡ” ಎಂದಳು. ಅವಳ ದೇವರಮನೆ ಎಂಬ ಮಾತನ್ನು ಆಕೆಯ ಬಾಯಿಂದ ಅಂದೇ ನಾವು ಮೊದಲು ಕೇಳಿದುದು.

ದೂರಪ್ರಯಾಣದ ಚೀಟಿಯನ್ನು ಕೊಳ್ಳುವವರು ನಡುದಾರಿಯ ಬಿಡುವು ದೀರ್ಘವಾದುದೆಂದು ಕೊರಗಬಾರದು. ಒಂದು ಬೀದಿಯನ್ನು ಆರಿಸಿ, ಘಂಟೆಗಳನ್ನು ಎಣಿಸಿ, ಕೊಡೆಯೊಂದನ್ನು ಕೈಯಲ್ಲಿ ಹಿಡಿದು ಧೈರ್ಯವಾಗಿ ಹೊರಡಲಿ. ಭೂಮಧ್ಯರೇಖೆಯ ಬಳಿಯ ಆ ಊರಿನಲ್ಲಿ ಮಳೆಯು ಹೇಳಿ ಕೇಳಿ ಬರುವುದಿಲ್ಲ.