ಯಾವ ಜನ ನೀವು?

ಹೆಸರು, ಹುಟ್ಟಿದ ತಾರೀಖು, ತಂದೆಯ ಹೆಸರು, ತಾಯಿಯ ಹೆಸರು. ಇಷ್ಟು ತುಂಬಲು ಎರಡು ನಿಮಿಷ ಸಾಕಾಯಿತು. ಮುಂದಿನದು ‘ಕೆಟಗರಿ’. ಅಲ್ಲಿಗೆ ಬಂದವನೇ ಲ್ಯಾಪ್‌ಟಾಪ್ ಮುಚ್ಚಿ ಅಮೃತಹಳ್ಳಿ ಕೆರೆಯ ಕಡೆ ನಡೆದುಬಿಟ್ಟೆ.

ಅದು ಯುಜಿಸಿ-ನೆಟ್ ಅರ್ಜಿ. ಪಿಎಚ್.ಡಿ. ಮಾಡುತ್ತಿರುವ ನನಗೆ ಫೆಲೋಶಿಪ್ ಇಲ್ಲ. ಜೆಆರ್‌ಎಫ್ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ. ಕಳೆದ ಸಲ ಜನರಲ್ ಕಟ್‌ಆಫ್ ಸ್ವಲ್ಪದರಲ್ಲಿ ತಪ್ಪಿತು. ಎಸ್ಸಿ ಕಟ್‌ಆಫ್‌ಗಿಂತ ನನ್ನ ಅಂಕ ಮೇಲಿತ್ತು. ನನಗೀಗ 28. ಜನರಲ್‌ನವರಿಗೆ ಜೆಆರ್‌ಎಫ್ ವಯಸ್ಸಿನ ಮಿತಿ 30, ಎಸ್ಸಿಯವರಿಗೆ ಐದು ವರ್ಷ ಸಡಿಲಿಕೆ. ಅರ್ಜಿ ಶುಲ್ಕದಲ್ಲೂ ಅಂತರವಿದೆ: ಒಬ್ಬರಿಗೆ 1,150, ಇನ್ನೊಬ್ಬರಿಗೆ 325.

ಅಪ್ಪ ಲಿಂಗಾಯತ, ಅಮ್ಮ ಆದಿ ಕರ್ನಾಟಕ. ಇಬ್ಬರೂ ಗುಬ್ಬಿ ತಾಲ್ಲೂಕಿನವರು. ಪೀಣ್ಯದಲ್ಲಿ ಕೆಲಸಕ್ಕಿದ್ದಾಗ ಪರಿಚಯವಾಗಿ ಮದುವೆಯಾದರು. ನನ್ನನ್ನು ಶಾಲೆಗೆ ಸೇರಿಸುವಾಗ ಅಪ್ಪ ತನ್ನ ಜಾತಿ ಬರೆಸಿದ.

“ನಿಮ್ಮಮ್ಮನ ಕಡೆಯಿಂದ ಸರ್ಟಿಫಿಕೇಟ್ ಮಾಡಿಸ್ಕೊ, ಸುಪ್ರೀಂ ಕೋರ್ಟೇ ಹೇಳಿದೆಯಲ್ಲ” ಎಂದ ಗೆಳೆಯ. ಹುಡುಕಿ ಓದಿದೆ. ಗುಜರಾತಿನ ರಮೇಶ್‌ಭಾಯ್ ನಾಯ್ಕ ಪ್ರಕರಣ, 2012ರ ತೀರ್ಪು. ಅವರ ತಂದೆ ಕ್ಷತ್ರಿಯ, ತಾಯಿ ಪರಿಶಿಷ್ಟ ಪಂಗಡದವರು. ಮಕ್ಕಳಿಗೆ ತಂದೆಯ ಜಾತಿಯೇ ಎಂದು ಮೊದಲಿಗೆ ಊಹಿಸಬಹುದು, ಆದರೆ ಅದೇ ಕೊನೆಯ ಮಾತಲ್ಲ ಎಂದಿತು ಕೋರ್ಟು. ತಾಯಿಯ ಸಮುದಾಯದವನಾಗಿಯೇ ಬೆಳೆದೆ, ಅವರು ಅನುಭವಿಸಿದ ಕೊರತೆ, ಅವಮಾನಗಳನ್ನೇ ಅನುಭವಿಸಿದೆ ಎಂದು ಮಕ್ಕಳು ಸಾಬೀತು ಮಾಡಬಹುದು. ಅಂದರೆ ಪ್ರಶ್ನೆ ರಕ್ತದ್ದಲ್ಲ, ಬದುಕಿದ್ದು ಹೇಗೆ ಎಂಬುದರದ್ದು.

ಕೆರೆ ಏರಿಯ ಮೇಲೆ ಕೂತು ಲೆಕ್ಕ ಹಾಕಿದೆ. ಒಂದು ಕಡೆ, ಅಪ್ಪನ ಊರು. ನಡುಮನೆಯಲ್ಲಿ ಬಸವಣ್ಣನ ಫೋಟೋ, ಜಗಲಿಯಲ್ಲಿ ನಾನೂ ಅಮ್ಮನೂ. ನೀರು ಕೇಳಿದರೆ ಅಜ್ಜಿ ಚೊಂಬು ಎತ್ತಿ ಹಿಡಿದು ಬೊಗಸೆಗೆ ಹುಯ್ಯುತ್ತಿದ್ದಳು. ಅದು ಆಟವೆಂದುಕೊಂಡಿದ್ದೆ.

ಇನ್ನೊಂದು ಕಡೆ, ಅಮೃತಹಳ್ಳಿಯಲ್ಲಿ ನಮ್ಮ ಮೊದಲ ಬಾಡಿಗೆ ಮನೆ. “ಯಾವ ಜನ ನೀವು?” ಎಂದು ಓನರ್ ಕೇಳಿದಾಗ ಅಪ್ಪ “ಲಿಂಗಾಯತ್ರು” ಎಂದ. ಅಮ್ಮ ತಲೆ ಬಗ್ಗಿಸಿದಳು. ಕೀಲಿಕೈ ಸಿಕ್ಕಿತು. ಆ ಮನೆಯಲ್ಲಿದ್ದ ಹನ್ನೊಂದು ವರ್ಷ ಅಮ್ಮ ಮಾಂಸ ಬೇಯಿಸಲಿಲ್ಲ. ತವರಿಗೆ ಹೋದಾಗಷ್ಟೇ ತಿಂದಳು. ನಾನು ಓನರ್ ಮಕ್ಕಳ ಜೊತೆ ಅವರ ಅಡುಗೆಮನೆಯಲ್ಲೇ ಕೂತು ದೋಸೆ ತಿಂದು ಬೆಳೆದೆ. ಕಾಲೇಜಿನಲ್ಲೂ ನನ್ನನ್ನು ಯಾರೂ ಬೇರೆ ಕೂರಿಸಲಿಲ್ಲ. ನನ್ನ ಅವಮಾನ ಹಬ್ಬದ ದಿನ ಬಸ್ಸಿನಲ್ಲಿ ಹೋಗಿ ಸಂಜೆ ಬಸ್ಸಿನಲ್ಲಿ ವಾಪಸು ಬರುವಷ್ಟು. ಅಮ್ಮನಿಗೆ ಹಾಗೆ ವಾಪಸು ಬರುವ ಬಸ್ಸಿರಲಿಲ್ಲ. ಕೇರಿಯಲ್ಲೇ ಇದ್ದು ಓದಿದ ಸೋದರಮಾವನ ಮಗಳಿಗೂ ಇರಲಿಲ್ಲ.

ತಂದೆ ಬಿಟ್ಟುಹೋಗಿ ತಾಯಿಯ ಕೇರಿಯಲ್ಲೇ ಬೆಳೆದವರಿದ್ದಾರೆ. ಅವರು ಖಂಡಿತ ಕೇಳಬೇಕು, ಅವರಿಗೆ ಸಿಗಲೂ ಬೇಕು. ನನ್ನ ಲೆಕ್ಕ ಬೇರೆ ಅನ್ನಿಸಿತು. ಬೊಗಸೆಯ ನೀರನ್ನು ಕಚೇರಿಯ ಮುಂದಿಟ್ಟು ದೋಸೆಯನ್ನು ಬಚ್ಚಿಟ್ಟರೆ ಅದು ಅರ್ಧ ಸುಳ್ಳು.

ರಾತ್ರಿ ಅಮ್ಮನಿಗೆ ಹೇಳಿದೆ: “ಜನರಲ್ ಅಂತಲೇ ಹಾಕ್ತೀನಮ್ಮ.”

ಮೆಚ್ಚುತ್ತಾಳೆ ಅಂದುಕೊಂಡಿದ್ದೆ. ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು. “ಹಂಗಾದ್ರೆ ನಂದು ಬ್ಯಾಡ ಅಂದಂಗಾಯ್ತಾ?”

“ಹಂಗಲ್ಲ, ಅದರ ಪಾಲು ಬೇಡ ಅಂತ.”

“ಪಾಲು ಬ್ಯಾಡ ಅನ್ನೋದು ಸುಲಭ ಕಣೋ. ಯಾವ ಜನ ಅಂತ ಕೇಳ್ದಾಗ ಏನು ಹೇಳ್ತೀಯ?”

ನನ್ನಲ್ಲಿ ಉತ್ತರವಿರಲಿಲ್ಲ. ಇಪ್ಪತ್ತೆಂಟು ವರ್ಷ ಆ ಪ್ರಶ್ನೆಗೆ ಅಪ್ಪನ ಉತ್ತರವನ್ನೇ ಕೊಟ್ಟಿದ್ದೇನೆ. ಜೊತೆಗೆ ಓದುವವರಿಗೂ ಗೊತ್ತಿಲ್ಲ. ಪಾಲು ಬಿಟ್ಟೆ ಎಂಬ ಪ್ರಾಮಾಣಿಕತೆಯ ಕೆಳಗೆ ಹಳೆಯ ಬಚ್ಚಿಡುವಿಕೆಯೂ ಸೇರಿಕೊಂಡಿತ್ತು. ಅದು ಅವಳಿಗೆ ಮೊದಲು ಕಂಡಿತು.

1,150 ಕಟ್ಟಿ ಅರ್ಜಿ ಕಳಿಸಿದೆ. ಸರಿಯೋ ತಪ್ಪೋ, ಆ ನಿರ್ಧಾರ ಬದಲಿಸಿಲ್ಲ. ಆದರೆ ಅಮ್ಮನ ಪ್ರಶ್ನೆಗೆ ಉತ್ತರ ಬಾಕಿ ಇತ್ತು. ಅದಕ್ಕೇ ಇದನ್ನು ಬರೆದಿದ್ದೇನೆ, ನನ್ನ ಹೆಸರು ಹಾಕಿಯೇ ಕಳಿಸುತ್ತಿದ್ದೇನೆ.