ಕೊಟ್ಟಿಗೆಯಲ್ಲಿ ಹಾರಿದ ಯಂತ್ರ

ದೊಡ್ಡ ಕಾರ್ಯಕ್ಕೆ ಕೈಹಾಕುವವನು ಮೊದಲು ಚಿಕ್ಕದರಲ್ಲಿ ತನ್ನನ್ನು ಪರೀಕ್ಷಿಸಿಕೊಳ್ಳಬೇಕೆಂಬುದು ಎಲ್ಲರೂ ಒಪ್ಪುವ ಮಾತು. ಒಪ್ಪಿದಂತೆ ನಡೆಯುವವರು ಮಾತ್ರ ವಿರಳ. ಅಂತಹ ವಿರಳರಲ್ಲಿ ಅಮೆರಿಕದ ಆರ್ಥರ್ ಯಂಗ್ (1905-1995) ಒಬ್ಬರು.

ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದಲ್ಲಿ ಗಣಿತವನ್ನು ಅಭ್ಯಸಿಸಿ 1927ರಲ್ಲಿ ಪದವೀಧರರಾದ ಯಂಗ್ ಅವರು, ನೆಟ್ಟಗೆ ಮೇಲೇರಬಲ್ಲ ವಿಮಾನದ ಸಮಸ್ಯೆಯನ್ನು ತಮ್ಮದಾಗಿಸಿಕೊಂಡರು. ತಿರುಗುವ ದೊಡ್ಡ ರೆಕ್ಕೆಗಳ ಮೇಲೆಯೇ ಚಿಕ್ಕ ಪಂಖಗಳನ್ನಿಟ್ಟು ಅವುಗಳನ್ನು ಸುತ್ತಿಸುವುದು ಅವರ ಮೊದಲ ಯೋಜನೆಯಾಗಿತ್ತು. ಅದಕ್ಕಾಗಿ ಅನೇಕ ವರ್ಷಗಳು ವ್ಯಯವಾದವು; ಮಾದರಿಗಳು ಮುರಿದುಬಿದ್ದವು. 1938ರ ಸುಮಾರಿಗೆ ಅವರು ಆ ಮಾರ್ಗವನ್ನೇ ತ್ಯಜಿಸಿದರು. ನಷ್ಟವನ್ನು ನಷ್ಟವೆಂದೇ ಲೆಕ್ಕದಲ್ಲಿ ಬರೆದುಕೊಳ್ಳುವುದು ಎಷ್ಟು ಕಷ್ಟವೆಂಬುದನ್ನು ವ್ಯಾಪಾರ ಮಾಡಿದವರೆಲ್ಲರೂ ಬಲ್ಲರು. ಹಳೆಯ ಬಂಡವಾಳದ ಮೋಹದಿಂದ ಹೊಸ ಬಂಡವಾಳವನ್ನೂ ಕಳೆದುಕೊಳ್ಳುವವರೇ ಹೆಚ್ಚು.

ಪೆನ್ಸಿಲ್ವೇನಿಯಾದ ಪಾಓಲಿ ಎಂಬಲ್ಲಿ ಒಂದು ಹಳೆಯ ಕೊಟ್ಟಿಗೆ ಅವರ ಕಾರ್ಯಾಗಾರವಾಯಿತು. ಅಲ್ಲಿ ವಿದ್ಯುತ್ ಮೋಟಾರಿನಿಂದ ನಡೆಯುವ, ತಂತಿಗಳ ಮೂಲಕ ದೂರದಿಂದ ನಿಯಂತ್ರಿಸಬಹುದಾದ ಪುಟ್ಟ ಮಾದರಿಗಳನ್ನು ರಚಿಸಿದರು. ರೆಕ್ಕೆಗಳ ಕೆಳಗೆ ಭಾರವು ತೂಗುತ್ತಿದ್ದರೆ ಯಂತ್ರವು ತಾನಾಗಿ ಸ್ಥಿರವಾಗುವುದೆಂಬ ನಂಬಿಕೆ ಆಗ ಸಾಮಾನ್ಯವಾಗಿತ್ತು. ಮಾದರಿಯು ಅದನ್ನು ಸುಳ್ಳಾಗಿಸಿತು. ಅದು ಒಂದು ಕಡೆಗೆ ವಾಲಿ, ಮರಳಿ, ಮತ್ತಷ್ಟು ವಾಲಿ, ಕೊನೆಗೆ ಮಗುಚಿ ಬೀಳುತ್ತಿತ್ತು. ಬಿದ್ದದ್ದು ಮಾದರಿ, ಅದರೊಳಗೆ ಮನುಷ್ಯನಿರಲಿಲ್ಲ. ಈ ತಪ್ಪನ್ನು ಪೂರ್ಣಾಕಾರದ ವಿಮಾನದಲ್ಲಿ ಕಲಿಯಹೊರಟಿದ್ದರೆ ಅದರ ಬೆಲೆಯನ್ನು ಚಾಲಕನು ತೆರಬೇಕಾಗುತ್ತಿತ್ತು.

ಪರಿಹಾರವು ಸರಳವಾಗಿತ್ತು. ರೆಕ್ಕೆಗಳಿಗೆ ಅಡ್ಡಲಾಗಿ, ಎರಡು ತುದಿಗಳಲ್ಲಿ ತೂಕವಿರುವ ಒಂದು ದಂಡವನ್ನು ಕೂಡಿಸಿದರು. ವೇಗವಾಗಿ ತಿರುಗುವ ಈ ದಂಡವು ಯಂತ್ರದ ಒಡಲು ವಾಲಿದರೂ ತಕ್ಷಣ ಅದರೊಡನೆ ವಾಲದೆ ತನ್ನ ಸಮತಲವನ್ನು ಕಾಯ್ದುಕೊಳ್ಳುತ್ತದೆ. ಸಂಪರ್ಕ ಕಡ್ಡಿಗಳ ಮೂಲಕ ರೆಕ್ಕೆಗಳ ಓರೆಯನ್ನು ತಿದ್ದುತ್ತದೆ.

1941ರಲ್ಲಿ ಯಂಗ್ ತಮ್ಮ ಮಾದರಿಯನ್ನು ಬೆಲ್ ವಿಮಾನ ಕಂಪನಿಯವರ ಮುಂದೆ ಹಾರಿಸಿ ತೋರಿಸಿದರು. ಅದರಿಂದ ಬೆಳೆದ ಬೆಲ್ 47 ಹೆಲಿಕಾಪ್ಟರು 1946ರ ಮಾರ್ಚ್ 8ರಂದು ನಾಗರಿಕ ಬಳಕೆಯ ಪ್ರಮಾಣಪತ್ರವನ್ನು ಪಡೆಯಿತು. 1950ರಿಂದ 1953ರವರೆಗಿನ ಕೊರಿಯಾ ಯುದ್ಧದಲ್ಲಿ ಅದು ಸಾವಿರಾರು ಗಾಯಾಳುಗಳನ್ನು ಹೊತ್ತು ಆಸ್ಪತ್ರೆಗೆ ಮುಟ್ಟಿಸಿತು.

ಆದರೆ ಯಂಗ್ ಅದಕ್ಕೆ ಮೊದಲೇ, 1947ರಲ್ಲಿ, ಕಂಪನಿಯನ್ನು ಬಿಟ್ಟಿದ್ದರು. 1945ರ ಅಣುಬಾಂಬು ಅವರ ಮನಸ್ಸನ್ನು ಯಂತ್ರದಿಂದ ಮನುಷ್ಯನ ಕಡೆಗೆ ಹೊರಳಿಸಿತ್ತು. ಮುಂದಿನ ಆಯುಷ್ಯವನ್ನು ಅವರು ಪ್ರಜ್ಞೆಯ ಸ್ವರೂಪದ ವಿಚಾರಕ್ಕೆ ಮೀಸಲಿಟ್ಟರು. ಅದರ ಫಲವಾದ ‘ದಿ ರಿಫ್ಲೆಕ್ಸಿವ್ ಯೂನಿವರ್ಸ್’ 1976ರಲ್ಲಿ ಪ್ರಕಟವಾಯಿತು.

ಮಾದರಿಯ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಜರ್ಮನಿಯ ಡೀಟರ್ ಶ್ಲೂಟರ್ ತಂತಿಯ ಬಂಧನವಿಲ್ಲದೆ ರೇಡಿಯೋ ಅಲೆಗಳಿಂದಲೇ ಮಾದರಿ ಹೆಲಿಕಾಪ್ಟರನ್ನು ಹತೋಟಿಯಲ್ಲಿಡಲು ಶ್ರಮಿಸಿದರು. 1970ರಲ್ಲಿ ಅವರ ಮಾದರಿಯು 27 ನಿಮಿಷ 51 ಸೆಕೆಂಡುಗಳ ಕಾಲ ಹಾರಿ ದಾಖಲೆಯನ್ನು ಸ್ಥಾಪಿಸಿತು. ಅಂಥದೇ ಅಡ್ಡದಂಡವು ಹವ್ಯಾಸಿಗಳ ಮಾದರಿಗಳಲ್ಲಿ ದಶಕಗಳ ಕಾಲ ಉಳಿಯಿತು. ಈಗ ಅದರ ಕೆಲಸವನ್ನು ಬಹುಮಟ್ಟಿಗೆ ಎಲೆಕ್ಟ್ರಾನಿಕ್ ಉಪಕರಣಗಳು ವಹಿಸಿಕೊಂಡಿವೆ.

ಶ್ಲೂಟರ್ ತಮ್ಮ ಮಾದರಿಗೆ ಆರಿಸಿಕೊಂಡ ರೂಪ ಯಾವುದು? ವಿಯೆಟ್ನಾಂ ಯುದ್ಧದಲ್ಲಿ ಗುಂಡಿನ ಮಳೆಗರೆದ ಬೆಲ್ ಹ್ಯೂಯಿ ಕೋಬ್ರಾ. ಗಾಯಾಳುವನ್ನು ಹೊತ್ತದ್ದೂ, ಗಾಯವನ್ನು ಮಾಡಿದ್ದೂ ಒಂದೇ ಮನೆತನದ ಯಂತ್ರಗಳು. ಯಂತ್ರವು ವಾಲದಂತೆ ಕಾಯುವುದು ದಂಡದ ಧರ್ಮ. ಅದು ಎತ್ತ ಹೋಗಬೇಕೆಂದು ದಂಡವು ಹೇಳಲಾರದು. ಆ ಹೊಣೆ ಹಿಡಿಕೆಯನ್ನು ಹಿಡಿದವನದು. ಇಂದು ಮಗುವಿನ ಕೈಗೆ ಇಂತಹ ಆಟಿಕೆಯನ್ನು ಕೊಡುವ ಹಿರಿಯರು, ಅದನ್ನು ಸ್ಥಿರವಾಗಿ ಹಾರಿಸುವ ಬಗೆಯ ಜೊತೆಗೆ ಈ ಮಾತನ್ನೂ ಕಲಿಸಿದರೆ ಕೊಟ್ಟ ಹಣ ಸಾರ್ಥಕವಾದೀತು.