ಲೈಡನ್ನಿನ ಬಾಗಿಲು

ನಮ್ಮೂರು ಬಸರೂರು. ಹದಿನೇಳನೆಯ ಶತಮಾನದಲ್ಲಿ ಡಚ್ಚರು ಅಲ್ಲಿ ಅಕ್ಕಿ ಕೊಂಡು ಹಡಗಿಗೆ ತುಂಬುತ್ತಿದ್ದರೆಂದು ತರಗತಿಯಲ್ಲಿ ಕೇಳಿದಂದಿನಿಂದ ನನಗೊಂದು ಹುಚ್ಚು ಹಿಡಿಯಿತು. ಆ ಕಂಪೆನಿಯ ಕಡತಗಳು ಹೇಗ್ ನಗರದ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಸಮೀಪದ ಲೈಡನ್ನಿನಲ್ಲಿ 1575ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾಲಯವಿದೆ. ಚರಿತ್ರೆಯ ಎಂ.ಎ.ಯನ್ನು ಅಲ್ಲಿಯೇ ಓದಬೇಕೆಂದು ನಿಶ್ಚಯಿಸಿದೆ.

ನಿಶ್ಚಯಕ್ಕೆ ಖರ್ಚಿಲ್ಲ, ಅರ್ಜಿಗೆ ಉಂಟು. ಪದವಿಪತ್ರ, ಅಂಕಪಟ್ಟಿ, ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ, ಈ ವಿಷಯವೇ ಏಕೆಂದು ವಿವರಿಸುವ ಪತ್ರ, ಎಲ್ಲವೂ ಬೇಕು. ಇಷ್ಟಾದರೂ ಸಾಲದು. ನಮ್ಮ ಪದವಿ ಡಚ್ ವಿಶ್ವವಿದ್ಯಾಲಯದ ಪದವಿಗೆ ಸಮನೇ ಎಂದು ಪ್ರವೇಶ ಸಮಿತಿ ತೂಗಿ ನೋಡುತ್ತದೆ. ಅಲ್ಲಿಯ ಬಿ.ಎ.ಯೂ ಮೂರೇ ವರ್ಷ. ಆದರೆ 180 ಕ್ರೆಡಿಟ್, ಒಂದೊಂದಕ್ಕೂ 28 ಗಂಟೆಗಳ ದುಡಿಮೆ. ಕೊನೆಗೆ ಸಾಮಾನ್ಯವಾಗಿ ಒಂದು ಸಂಶೋಧನ ಪ್ರಬಂಧ.

ಗುಣಿಸಿ ನೋಡಿದೆ: 5040 ಗಂಟೆ! ನಾನು ಓದಿದ್ದೆಲ್ಲ ಪರೀಕ್ಷೆಯ ಹಿಂದಿನ ರಾತ್ರಿಗಳಲ್ಲಿ. ಅಂಕಪಟ್ಟಿಯಲ್ಲಿ ಪ್ರಥಮ ದರ್ಜೆಯೇನೋ ಇದೆ. ಸ್ವಂತ ಬುದ್ಧಿಯಿಂದ ಬರೆದ ಒಂದು ಪ್ರಬಂಧವೂ ಇಲ್ಲ. ‘ಈ ವಿಷಯವೇ ಏಕೆ?’ ಎಂಬ ಪ್ರಶ್ನೆಯ ಮುಂದೆ ಎರಡು ರಾತ್ರಿ ಕುಳಿತೆ. ನಾಲ್ಕು ಸಾಲಿಗೆ ಮಾತು ಮುಗಿಯಿತು.

ಈ ವರ್ಷ ಅರ್ಜಿ ಕಳುಹಿಸಲಿಲ್ಲ. ನಮ್ಮ ಚರಿತ್ರೆಯ ಅಧ್ಯಾಪಕರ ಬಳಿಗೆ ಹೋಗಿ, “ಬಸರೂರಿನ ಶಾಸನಗಳ ಮೇಲೆ ಬರೆಯಲೇ, ಸಾರ್?” ಎಂದೆ. “ಮೊದಲು ಓದಿ ಬಾ” ಎಂದರು. ಈಗ ಪ್ರತಿ ಭಾನುವಾರವೂ ಆ ಕಲ್ಲುಗಳ ಮುಂದೆ ಕುಳಿತು ಅಕ್ಷರಕ್ಕೆ ಅಕ್ಷರ ಕೂಡಿಸುತ್ತಿದ್ದೇನೆ. ಬಾಲ್ಯವೆಲ್ಲ ಅವುಗಳ ಪಕ್ಕದಲ್ಲೇ ಆಡಿದವನು, ಒಂದನ್ನೂ ಓದಿರಲಿಲ್ಲ.

“ಹಾಲೆಂಡಿಗ್ ಹೋಪ್ದ್ ಯಾವಾಗ, ಮಗಾ?” ಎಂದು ಅಮ್ಮ ಕೇಳುತ್ತಾಳೆ.

“ಬಸ್ರೂರ್ ಓದಿ ಆದ್ಮೇಲೆ” ಎನ್ನುತ್ತೇನೆ.